ಕ್ಲಚ್ ಜಾರಿದರೆ ಮೊದಲು ಎಣ್ಣೆಯ ಜಾಡು ಹಿಡಿಯಿರಿ

ನಿಮ್ಮಲ್ಲಿ ಕೆಲವರ ಮನೆಯ ಮೆಟ್ಟಿಲ ಕೆಳಗೆ ಇನ್ನೂ ಒಂದು ಹಳೆಯ ಲೂನಾ ಧೂಳು ಹೊದ್ದು ನಿಂತಿರಬಹುದು. ಗುಜರಿಗೆ ಹಾಕಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಕಳೆದ ತಿಂಗಳು ನಮ್ಮ ಕ್ಯಾಂಪಿನ ಹುಡುಗನೊಬ್ಬ ಅಂಥದೊಂದನ್ನು ತಳ್ಳಿಕೊಂಡು ಬಂದು, "ಆಂಟಿ, ಇಂಜಿನ್ ಜೋರಾಗಿ ಕೂಗುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಕ್ಲಚ್ ಲೈನಿಂಗ್ ಹೊಸದು ಹಾಕಿಸಿ ಹದಿನೈದು ದಿನವೂ ಆಗಿಲ್ಲ" ಎಂದ. ಕೇಳಿ ನನಗೆ ನಗು ಬಂತು. ಮೂವತ್ತು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿಕೊಂಡು ಅಲೆದವಳು.

ಲೂನಾ ನಮ್ಮ ಪುಣೆಯ ಕೂಸು. ಇಲ್ಲಿಯ ಕೈನೆಟಿಕ್ ಇಂಜಿನಿಯರಿಂಗ್ ಕಂಪನಿ ಇಟಲಿಯ ಪಿಯಾಜಿಯೊ ಚಾವ್ ಮೊಪೆಡ್ಡಿನ ಮಾದರಿಯಲ್ಲಿ 1972ರಲ್ಲಿ ಇದನ್ನು ಹೊರತಂದಿತು. 50 ಸಿ.ಸಿ. ಇಂಜಿನ್, ಸೈಕಲ್ಲಿನಂತೆ ಪೆಡಲ್. ಗೇರಿಲ್ಲ, ಎಡಗೈಯಲ್ಲಿ ಹಿಡಿಯುವ ಕ್ಲಚ್ ಇಲ್ಲ. ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆಯಲ್ಲಿ ಹೆಣ್ಣುಮಕ್ಕಳು ಯಾರ ಕೈಯನ್ನೂ ಕಾಯದೆ ಹೊರಗೆ ಹೋಗಿಬರಲು ಅದು ದೊಡ್ಡ ಆಸರೆಯಾಯಿತು. ಮದುವೆಯಾಗಿ ಬಂದ ನನಗೆ ಶಿವಾಜಿ ಮಾರ್ಕೆಟ್ಟಿನ ತರಕಾರಿ, ಮಗಳ ಶಾಲೆ, ಸಂಘದ ಕಾರ್ಯಕ್ರಮ ಎಲ್ಲಕ್ಕೂ ಲೂನಾವೇ ಗತಿ.

1995ರ ಒಂದು ಸಂಜೆ ಮಗಳನ್ನು ಹಿಂದೆ ಕೂರಿಸಿಕೊಂಡು ಕ್ವಾರ್ಟರ್ ಗೇಟ್ ಚೌಕ ದಾಟುತ್ತಿದ್ದೆ. ನಟ್ಟನಡುವೆ ಇಂಜಿನ್ ಬೊಬ್ಬೆ ಹೊಡೆಯಿತು, ಗಾಡಿ ನಿಂತಲ್ಲೇ ನಿಂತಿತು. ಹಿಂದೆ ಬಸ್ಸು, ಎಡಕ್ಕೆ ಟ್ರಕ್ಕು. ಪುಣ್ಯಕ್ಕೆ ಪೆಡಲ್ ಇತ್ತು, ತುಳಿದುಕೊಂಡು ದಡ ಸೇರಿದೆ. ಮಾರನೆಯ ದಿನ ಗ್ಯಾರೇಜಿನಲ್ಲಿ ಲೈನಿಂಗ್ ಬದಲಾಯಿಸಿದರು. ಎರಡೇ ವಾರ, ಮತ್ತೆ ಅದೇ ಕಥೆ. ಮತ್ತೆ ಲೈನಿಂಗ್. "ನಿಮಗೆ ಓಡಿಸಲು ಬರುವುದಿಲ್ಲ, ಬಾಯಿ, ಅದಕ್ಕೇ ಸವೆಯುತ್ತದೆ" ಎಂದ ಆ ಮೆಕ್ಯಾನಿಕ್. ಇಂಗ್ಲಿಷ್ ಬಿ.ಎ. ಮಾಡಿದವಳು ನಾನು, ಯಂತ್ರದ ವಿಷಯದಲ್ಲಿ ಏನು ವಾದ ಮಾಡಲಿ? ನಂಬಿದೆ. ಎರಡು ತಿಂಗಳು ಗಾಡಿ ಮುಟ್ಟಲಿಲ್ಲ. ಮಾರಿಬಿಡೋಣ ಎಂದು ಮನೆಯವರೂ ಅಂದರು.

ಮಾರುವ ಮುಂಚೆ ಕೊನೆಯ ಸಲವೆಂದು ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳ ಹತ್ತಿರ ಒಬ್ಬ ಹಿರಿಯ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವರು ಮುಚ್ಚಳ ಬಿಚ್ಚಿ ಲೈನಿಂಗ್ ನೋಡಲೇ ಇಲ್ಲ. ಅದರ ಹಿಂದೆ ಬೆರಳಾಡಿಸಿ ನನಗೆ ತೋರಿಸಿದರು. ಬೆರಳೆಲ್ಲ ಕಪ್ಪು ಎಣ್ಣೆ! "ಇದು ಎಲ್ಲಿಂದ ಬಂತು, ಅದನ್ನು ಮೊದಲು ಕೇಳಬೇಕು" ಎಂದರು.

ಅದು ಹೇಗೆಂದು ನಿಮಗೂ ಹೇಳುತ್ತೇನೆ. ಜಾತ್ರೆಯಲ್ಲಿ ಸರಪಳಿಗೆ ಕಟ್ಟಿದ ಕುರ್ಚಿಗಳು ಗಿರಗಿರ ತಿರುಗುವಾಗ ಹೊರಕ್ಕೆ ಹಾರುವುದನ್ನು ನೋಡಿದ್ದೀರಲ್ಲ? ಈ ಕ್ಲಚ್ಚೂ ಹಾಗೆಯೇ. ಇಂಜಿನ್ ತಿರುಗಿದಂತೆ ಒಳಗಿನ ಶೂಗಳು ಸ್ಪ್ರಿಂಗನ್ನು ಎಳೆದು ಹೊರಕ್ಕೆ ಸರಿದು ಸುತ್ತಲಿನ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ವೇಗ ಎರಡು ಪಟ್ಟಾದರೆ ಹೊರಕ್ಕೆಳೆಯುವ ಬಲ ನಾಲ್ಕು ಪಟ್ಟು. ಶೂಗಳ ಮೇಲಿನ ಲೈನಿಂಗ್ ಡ್ರಮ್ಮನ್ನು ಗಟ್ಟಿಯಾಗಿ ಹಿಡಿದರೆ ಗಾಡಿ ಓಡುತ್ತದೆ. ನಡುವೆ ಎಣ್ಣೆ ಸೇರಿದರೆ? ಎಣ್ಣೆಗೈಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಿದಂತೆಯೇ. ಕೈ ಜಾರುತ್ತದೆ, ಮುಚ್ಚಳ ಅಲ್ಲಾಡುವುದಿಲ್ಲ.

ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಬೆರೆತು ಕ್ರ್ಯಾಂಕ್ ಕೋಣೆಯ ಮೂಲಕವೇ ಹೋಗುತ್ತದೆ. ಕ್ರ್ಯಾಂಕ್ ದಂಡ ಕ್ಲಚ್ ಕಡೆಗೆ ಹೊರಬರುವಲ್ಲಿ ಒಂದು ರಬ್ಬರ್ ಆಯಿಲ್ ಸೀಲ್ ಇರುತ್ತದೆ. ಅದು ಸವೆದರೆ ಎಣ್ಣೆ ಕ್ಲಚ್ಚಿಗೆ ಸಿಡಿಯುತ್ತದೆ. ಅದೇ ಸಂದಿನಿಂದ ಗಾಳಿಯೂ ಒಳಗೆ ಹೋಗಿ, ಗಾಡಿ ನಿಂತಿದ್ದಾಗ ಇಂಜಿನ್ನಿನ ವೇಗ ಏರುಪೇರಾಗುತ್ತದೆ. ಸೀಲ್ ಬದಲಾಯಿಸದೆ ನೂರು ಲೈನಿಂಗ್ ಹಾಕಿದರೂ ಪ್ರಯೋಜನವಿಲ್ಲ. ಲೈನಿಂಗಿನ ಖರ್ಚಿನ ಮುಂದೆ ಆ ಸೀಲಿನದು ಚಿಲ್ಲರೆ ಕಾಸು!

ಆದ್ದರಿಂದ ನೀವು ಹೀಗೆ ಮಾಡಿ.

ಮೊದಲು ಇಂಜಿನ್ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ತಪ್ಪು ಕ್ಲಚ್ಚಿನದಲ್ಲ. ಇಂಜಿನ್ನೇ ಉಸಿರುಗಟ್ಟಿದಂತೆ ಮಂಕಾಗಿದ್ದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟಿರಬಹುದು. ಬೆಲ್ಟ್ ಇರುವ ಗಾಡಿಯಾದರೆ ಅದು ಸವೆದಿದೆಯೇ ನೋಡಿ. ಇಂಜಿನ್ ಜೋರಾಗಿ ಕೂಗಿಯೂ ಗಾಡಿ ಏಳದಿದ್ದರೆ, ಸುಟ್ಟ ವಾಸನೆಯೂ ಬಂದರೆ, ಆಗ ಕ್ಲಚ್ ಬಿಚ್ಚಿ.

ಇಂಜಿನ್ ತಣ್ಣಗಾಗಲಿ. ಡ್ರಮ್ ಬಿಚ್ಚಲು ಪುಲ್ಲರ್ ಬಳಸಿ, ಸುತ್ತಿಗೆಯಿಂದ ಬಡಿಯಬೇಡಿ. ಒಳಗಿನ ಧೂಳನ್ನು ಬಾಯಿಂದ ಊದಲೇಬೇಡಿ. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಕುತ್ತಾದ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಲೈನಿಂಗ್ ಒಣಗಿದ್ದು ಗಾಜಿನಂತೆ ಹೊಳೆಯುತ್ತಿದ್ದರೆ, ಅದನ್ನು ತುಸು ಒದ್ದೆ ಮಾಡಿ ಸ್ಯಾಂಡ್ ಪೇಪರಿನಿಂದ ಹದವಾಗಿ ಉಜ್ಜಿದರೆ ಸಾಕು. ಎಣ್ಣೆ ಕುಡಿದಿದ್ದರೆ ಎಷ್ಟು ತೊಳೆದರೂ ನಂಬುವಂತಿಲ್ಲ, ಹೊಸದೇ ಹಾಕಬೇಕು. ಆದರೆ ಸೀಲ್ ಬದಲಾಯಿಸಿದ ಮೇಲೆ! ಶೂಗಳನ್ನೂ ಸ್ಪ್ರಿಂಗುಗಳನ್ನೂ ಒಂದನ್ನೇ ಅಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಸೀಲ್ ಕೂರಿಸುವ ಕೆಲಸ ಮೆಕ್ಯಾನಿಕ್ಕಿಗೇ ಬಿಡಿ. ಆದರೆ ಪಕ್ಕದಲ್ಲಿ ನಿಂತು ನೋಡಿ, ಹಳೆಯ ಸೀಲನ್ನು ಕೇಳಿ ಪಡೆಯಿರಿ. ಒಂದು ಎಚ್ಚರಿಕೆ: ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವ ಕ್ಲಚ್ಚಿನ ಮೊಪೆಡ್ಡುಗಳೂ ಇವೆ. ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ.

"ನಮಗೇಕೆ ಈ ಹಳೇ ಪುರಾಣ?" ಎನ್ನುತ್ತೀರೇನೋ. 2024ರಲ್ಲಿ ಬಂದ ಬ್ಯಾಟರಿಯ ಇ-ಲೂನಾಕ್ಕೆ ಈ ಕ್ಲಚ್ಚಿನ ತಂಟೆಯೇ ಇಲ್ಲ, ನಿಜ. ಆದರೆ ನೀವು ಕಾಲೇಜಿಗೆ ಓಡಿಸುವ ಪೆಟ್ರೋಲ್ ಸ್ಕೂಟರುಗಳಲ್ಲಿ, ಗೇರಿಲ್ಲದವುಗಳಲ್ಲಿ, ಇರುವುದು ಇದೇ ಜಾತಿಯ ಕ್ಲಚ್ಚು.

ಆ ಹುಡುಗನ ಲೂನಾ ನಾವಿಬ್ಬರೂ ಕೂಡಿ ಬಿಚ್ಚಿದೆವು. ಅಲ್ಲಿಯೂ ಎಣ್ಣೆಯೇ. ಸೀಲ್ ಹಾಕಿಸಿದ ಮೇಲೆ ಗಾಡಿ ಸರಾಗವಾಗಿ ಓಡುತ್ತಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅವನ ತಾಯಿ ನಮಗೆ ನಿಜವಾಗಿಯೂ ಮೊಸರವಲಕ್ಕಿ ಕೊಟ್ಟರು. ಆಗಲೇ ಮಾತಿಗೆ ಮಾತು ಬಂದು ಹೇಳಿದರು: ಅದು ಅವರದೇ ಗಾಡಿ. ಓಡಿಸಲು ತಮಗೆ ಬರುವುದಿಲ್ಲವೆಂದು ಯಾರೋ ಅಂದದ್ದಕ್ಕೆ ಅವರು ಓಡಿಸುವುದನ್ನೇ ಬಿಟ್ಟಿದ್ದರಂತೆ.

ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ, ಅಮ್ಮ ಗಾಡಿ ಓಡಿಸುವುದನ್ನು ಯಾವಾಗ ಬಿಟ್ಟರು, ಏಕೆ ಬಿಟ್ಟರು ಎಂದು.