ಮೂಗಿಗೆ ತಿಳಿಯದ ಅನಿಲ, ಗೋಡೆಯ ಮೇಲಿನ ಕಾವಲುಗಾರ

ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ, ಅಲ್ಲವೆ? ಕೊಳೆತ ವಸ್ತುವಿನಂಥ ಕೆಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ನಿಜವಾಗಿ ಈ ವಾಸನೆ ಸಿಲಿಂಡರಿನ ಅನಿಲದ್ದಲ್ಲ. ಸೋರಿಕೆ ತಿಳಿಯಲಿ ಎಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಅದಕ್ಕೆ ಬೆರೆಸಿರುತ್ತಾರೆ.

ಈ ಉಪಾಯ ನಡೆಯದ ಅನಿಲವೊಂದಿದೆ. ಅದೇ ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಹೊಗೆಯಂತೆ ಕಣ್ಣು ಉರಿಸುವುದಿಲ್ಲ, ಕೆಮ್ಮು ತರಿಸುವುದಿಲ್ಲ. ಇದು ಸಿಲಿಂಡರಿನಲ್ಲಿ ತುಂಬಿಕೊಂಡು ಬರುವುದಿಲ್ಲ. ಬೆಂಕಿ ಉರಿಯುವಾಗ ಅಲ್ಲೇ ಹುಟ್ಟುತ್ತದೆ. ಮೊದಲೇ ಬೆರೆಸಿದ್ದ ಮರ್ಕ್ಯಾಪ್ಟನ್ ಅಷ್ಟು ಹೊತ್ತಿಗೆ ಬೆಂಕಿಯಲ್ಲಿ ಸುಟ್ಟುಹೋಗಿರುತ್ತದೆ.

ಹುಟ್ಟುವುದು ಹೇಗೆ? ಸೌದೆ, ಇದ್ದಿಲು, ಸೀಮೆಎಣ್ಣೆ, ಅಡುಗೆ ಅನಿಲ ಇವೆಲ್ಲದರಲ್ಲೂ ಕಾರ್ಬನ್ ಇದೆ. ಗಾಳಿ ಸಾಕಷ್ಟು ಸಿಕ್ಕಿದರೆ ಒಂದು ಕಾರ್ಬನ್ ಪರಮಾಣು ಎರಡು ಆಮ್ಲಜನಕ ಪರಮಾಣುಗಳೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದಿದ್ದರೆ ಒಂದೇ ಆಮ್ಲಜನಕ ಪರಮಾಣುವಿಗೆ ತೃಪ್ತಿಪಟ್ಟುಕೊಂಡು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಗ್ಯಾಸ್ ಒಲೆಯ ಜ್ವಾಲೆ ನೀಲಿಯಾಗಿದ್ದರೆ ಒಳ್ಳೆಯದು. ಹಳದಿಯಾಗಿ ಉರಿದು ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಎಂದು ತಿಳಿಯಬೇಕು.

ಈಗ ರಕ್ತದ ಕಡೆ ನೋಡೋಣ. ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಶ್ವಾಸಕೋಶದಿಂದ ಮೈಯೆಲ್ಲಕ್ಕೂ ಸಾಗಿಸುತ್ತದೆ. ಅದನ್ನು ಒಂದು ಬಸ್ಸು ಎಂದುಕೊಳ್ಳಿ. ಆಮ್ಲಜನಕ ಹತ್ತಿ ಕುಳಿತು, ತನ್ನ ನಿಲ್ದಾಣ ಬಂದಾಗ ಇಳಿದುಹೋಗುವ ಪ್ರಯಾಣಿಕ. ಕಾರ್ಬನ್ ಮೊನಾಕ್ಸೈಡ್ ಹಾಗಲ್ಲ. ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವ ಅದರ ಶಕ್ತಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು. ಸೀಟು ಹಿಡಿದರೆ ಬೇಗ ಏಳುವುದಿಲ್ಲ. ಬಸ್ಸು ಓಡುತ್ತಲೇ ಇರುತ್ತದೆ, ಆಮ್ಲಜನಕಕ್ಕೆ ಮಾತ್ರ ಜಾಗವಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಸುಸ್ತು. ಜನ ಇದನ್ನು ಸಾಮಾನ್ಯ ಕಾಯಿಲೆ ಎಂದುಕೊಂಡು ಮಲಗಿಬಿಡುತ್ತಾರೆ. ಅಪಾಯ ಅಲ್ಲೇ ಇರುವುದು.

ಇದನ್ನು ಆಳವಾಗಿ ಅಧ್ಯಯನ ಮಾಡಿದವರು ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಅವರು ಈ ಅನಿಲವನ್ನು ಸ್ವತಃ ಉಸಿರಾಡಿ, ತಮಗೆ ಏನಾಗುತ್ತದೆ ಎಂದು ಬರೆದಿಟ್ಟರು! (ನೀವು ಯಾರೂ ಇಂಥ ಪ್ರಯೋಗ ಮಾಡಕೂಡದು.) 1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ ಹಲವಾರು ಕಾರ್ಮಿಕರು ಸತ್ತರು. ಹಾಲ್ಡೇನ್ ಪರೀಕ್ಷಿಸಿ ನೋಡಿದಾಗ, ಅವರಲ್ಲಿ ಹೆಚ್ಚಿನವರು ಸತ್ತದ್ದು ಸ್ಫೋಟದ ಹೊಡೆತದಿಂದಲ್ಲ, ಆನಂತರ ಹರಡಿದ ಕಾರ್ಬನ್ ಮೊನಾಕ್ಸೈಡಿನಿಂದ ಎಂದು ತಿಳಿಯಿತು. ಇಲಿ, ಹಕ್ಕಿಗಳಂಥ ಪುಟ್ಟ ಪ್ರಾಣಿಗಳು ಬೇಗಬೇಗ ಉಸಿರಾಡುವುದರಿಂದ ವಿಷ ಅವುಗಳಿಗೆ ಮೊದಲು ತಟ್ಟುತ್ತದೆ. ಅವನ್ನು ಗಣಿಯೊಳಗೆ ಒಯ್ದರೆ ಮುನ್ಸೂಚನೆ ಸಿಗುತ್ತದೆ ಎಂದು ಅವರು ಸೂಚಿಸಿದರು. ಹಳದಿ ಬಣ್ಣದ ಕ್ಯಾನರಿ ಹಕ್ಕಿ ಪಂಜರದೊಳಗೆ ಕುಳಿತು ಗಣಿಗೆ ಇಳಿದದ್ದು ಹೀಗೆ. ಅದು ಓಲಾಡಿ ಬಿದ್ದರೆ ಕಾರ್ಮಿಕರು ಹೊರಗೆ ಓಡುತ್ತಿದ್ದರು. ಈ ಕೆಲಸವನ್ನು ಯಂತ್ರಗಳಿಗೆ ವಹಿಸುವ ತೀರ್ಮಾನ ಬ್ರಿಟನ್ನಿನಲ್ಲಿ ಆದದ್ದು 1986ರಲ್ಲಿ. ಪಾಪ, ಹಕ್ಕಿಗೆ ಬಿಡುಗಡೆ ತಡವಾಗಿಯೇ ಸಿಕ್ಕಿತು.

ಗಣಿಯ ಹಕ್ಕಿಯಂತೆ ಮನೆಗೂ ಒಂದು ಕಾವಲು ಬೇಕಲ್ಲ? ಅದನ್ನು ಯಾರು ಇಡಬೇಕು? ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಈ ಪ್ರಶ್ನೆಗೆ ಕಾನೂನೇ ಉತ್ತರ ಕೊಟ್ಟಿದೆ. ಅಲ್ಲಿ ಚಳಿಗಾಲವಿಡೀ ಬಾಗಿಲು ಕಿಟಕಿ ಮುಚ್ಚಿರುತ್ತವೆ. ಗ್ಯಾಸ್ ಉರಿಸುವ ಬಾಯ್ಲರ್ ನೀರು ಕಾಯಿಸಿ, ಕೊಳವೆಗಳ ಮೂಲಕ ಕೋಣೆಗಳನ್ನು ಬೆಚ್ಚಗಿಡುತ್ತದೆ. ಕೆಲವು ಮನೆಗಳಲ್ಲಿ ಸೌದೆ, ಕಲ್ಲಿದ್ದಲಿನ ಒಲೆಗಳೂ ಇವೆ. ಉರಿದ ಅನಿಲ ಹೊಗೆ ಕೊಳವೆಯಿಂದ ಹೊರಗೆ ಹೋಗಬೇಕು. ಅಲ್ಲೊಂದು ಹಕ್ಕಿ ಗೂಡು ಕಟ್ಟಿದರೆ, ಮಸಿ ತುಂಬಿದರೆ, ಇಟ್ಟಿಗೆ ಬಿದ್ದರೆ ಅದು ಮನೆಯೊಳಕ್ಕೇ ಮರಳುತ್ತದೆ.

ಬಾಡಿಗೆಗೆ ಇರುವವರು ಬಾಯ್ಲರ್ ಬಿಚ್ಚಿ ನೋಡಲಾರರು, ಚಿಮಣಿ ಹತ್ತಲಾರರು. ಅವೆಲ್ಲ ಮನೆಯ ಮಾಲೀಕರ ಸ್ವತ್ತು. ಆದ್ದರಿಂದ ಗ್ಯಾಸ್ ಉಪಕರಣಗಳನ್ನು ಅಧಿಕೃತ ತಂತ್ರಜ್ಞರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಅದರ ಪ್ರತಿಯನ್ನು ಬಾಡಿಗೆದಾರರಿಗೆ ಕೊಡುವುದು ಮಾಲೀಕರದೇ ಕರ್ತವ್ಯ. ಆದರೆ ಪರೀಕ್ಷೆ ನಡೆಯುವುದು ಒಂದು ದಿನ. ಉಳಿದ 364 ದಿನಗಳ ಗತಿ? ಅದಕ್ಕೇ ಬಂದದ್ದು ಅಲಾರಂ.

2015ರ ಅಕ್ಟೋಬರ್ 1ರಿಂದ, ಸೌದೆ ಅಥವಾ ಕಲ್ಲಿದ್ದಲು ಉರಿಸುವ ಒಲೆಯಿರುವ ಕೋಣೆಯಲ್ಲಿ ಖಾಸಗಿ ಮಾಲೀಕರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಲೇಬೇಕೆಂದಾಯಿತು. ಇದು ಅರ್ಧ ಕೆಲಸವಷ್ಟೆ. ಹೆಚ್ಚಿನ ಮನೆಗಳಲ್ಲಿದ್ದ ಗ್ಯಾಸ್ ಬಾಯ್ಲರನ್ನೇ ಬಿಟ್ಟಿದ್ದರು! 2022ರ ಅಕ್ಟೋಬರ್ 1ರಿಂದ ಗ್ಯಾಸ್, ಎಣ್ಣೆ ಉರಿಸುವ ಸ್ಥಿರ ಉಪಕರಣಗಳಿರುವ ಕೋಣೆಗಳೂ ಸೇರಿದವು. ಸ್ಥಳೀಯ ಆಡಳಿತಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೂ ನಿಯಮ ಅನ್ವಯವಾಯಿತು. ಗ್ಯಾಸಿನ ಅಡುಗೆ ಒಲೆಗೆ ಮಾತ್ರ ಈಗಲೂ ವಿನಾಯಿತಿ ಇದೆ. ಅದನ್ನೂ ಸೇರಿಸಬಹುದಿತ್ತು ಎಂದು ನನಗನ್ನಿಸುತ್ತದೆ.

ಹೊಸ ಬಾಡಿಗೆ ಶುರುವಾಗುವ ದಿನ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಮಾಲೀಕರು ನೋಡಿರಬೇಕು. ಕೆಟ್ಟಿದೆ ಎಂದು ತಿಳಿಸಿದರೆ ದುರಸ್ತಿ ಮಾಡಿಸಬೇಕು ಇಲ್ಲವೇ ಬದಲಾಯಿಸಬೇಕು. ಮಾಡದಿದ್ದರೆ ಸ್ಥಳೀಯ ಆಡಳಿತ ನೋಟಿಸು ಕೊಡುತ್ತದೆ. 28 ದಿನಗಳಲ್ಲಿ ಸರಿಪಡಿಸದಿದ್ದರೆ 5,000 ಪೌಂಡ್‌ವರೆಗೆ ದಂಡ. ಬಾಡಿಗೆದಾರರಿಗೂ ಕೆಲಸವಿದೆ: ಆಗಾಗ ಗುಂಡಿ ಒತ್ತಿ ನೋಡುವುದು, ಬ್ಯಾಟರಿ ಬದಲಾಯಿಸುವುದು.

ಅಂಗೈಯಗಲದ ಈ ಪೆಟ್ಟಿಗೆಯೊಳಗೆ ಏನಿದೆ? ಸಾಮಾನ್ಯವಾಗಿ ಒಂದು ಪುಟ್ಟ ವಿದ್ಯುತ್ ರಾಸಾಯನಿಕ ಸಂವೇದಕ. ಕಾರ್ಬನ್ ಮೊನಾಕ್ಸೈಡ್ ಅದರ ವಿದ್ಯುದ್ವಾರವನ್ನು ಮುಟ್ಟಿದಾಗ ಕಾರ್ಬನ್ ಡೈಆಕ್ಸೈಡ್ ಆಗಿ ಬದಲಾಗುತ್ತದೆ, ಆಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತದೆ. ಅನಿಲ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು. ಯೂರೋಪಿನ ಮಾನಕದ ಪ್ರಕಾರ, ಗಾಳಿಯ 10 ಲಕ್ಷ ಭಾಗಗಳಲ್ಲಿ ಈ ಅನಿಲ 50 ಭಾಗ ಇದ್ದರೆ 60ರಿಂದ 90 ನಿಮಿಷಗಳೊಳಗೆ ಅಲಾರಂ ಕೂಗಬೇಕು. 300 ಭಾಗ ಇದ್ದರೆ 3 ನಿಮಿಷಗಳೊಳಗೆ. ಏಕೆ ಈ ವ್ಯತ್ಯಾಸ? ಸ್ವಲ್ಪ ಅನಿಲ ರಕ್ತವನ್ನು ತುಂಬಲು ಹೆಚ್ಚು ಹೊತ್ತು ಬೇಕು, ಹೆಚ್ಚು ಅನಿಲಕ್ಕೆ ಸ್ವಲ್ಪ ಹೊತ್ತು ಸಾಕು. ಹೊಗೆಯ ಅಲಾರಂ ಬೇರೆ, ಇದು ಬೇರೆ. ಮತ್ತೊಂದು ಮಾತು: ಗುಂಡಿ ಒತ್ತಿದಾಗ ಶಬ್ದ ಬಂದರೆ ಬ್ಯಾಟರಿ, ಶಬ್ದದ ಭಾಗ ಸರಿಯಿವೆ ಎಂದಷ್ಟೇ ಅರ್ಥ. ಸಂವೇದಕಕ್ಕೂ ಮುಪ್ಪು ಬರುತ್ತದೆ, ಅದಕ್ಕೇ ಪೆಟ್ಟಿಗೆಯ ಮೇಲೆ ಬದಲಾಯಿಸಬೇಕಾದ ದಿನಾಂಕ ಬರೆದಿರುತ್ತಾರೆ.

ನಮ್ಮಲ್ಲಿ ಬಾಯ್ಲರುಗಳಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಕಿರಿದಾದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿ, ಬಾಗಿಲು ಮುಚ್ಚಿ ಸ್ನಾನ ಮಾಡುವಾಗ ಜನ ಸತ್ತ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಚಳಿಗೆ ಇದ್ದಿಲ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಿದಾಗಲೂ ಹೀಗೇ ಆಗುತ್ತದೆ. ಬಾಡಿಗೆ ಮನೆಯಲ್ಲಿ ಗೀಸರ್ ಬಚ್ಚಲಿನ ಒಳಗಿದೆಯೇ, ಗಾಳಿಕಿಂಡಿ ತೆರೆದಿದೆಯೇ ಎಂದು ಮನೆಗೆ ಬರುವ ಮೊದಲೇ ನೋಡಿ, ಮಾಲೀಕರನ್ನು ಕೇಳುವಂತೆ ನಿಮ್ಮ ಅಪ್ಪ ಅಮ್ಮನಿಗೆ ಹೇಳಿ.

ಯಾರಿಗಾದರೂ ಹೀಗೆ ತಲೆ ಸುತ್ತಿದರೆ ಬಾಗಿಲು ತೆರೆದು ಅವರನ್ನು ಹೊರಗಿನ ಗಾಳಿಗೆ ತರಬೇಕು, ದೊಡ್ಡವರನ್ನು ಕೂಗಬೇಕು, 108ಕ್ಕೆ ಫೋನ್ ಮಾಡಬೇಕು. ಕೋಣೆಯಲ್ಲಿ ಗೀಸರ್ ಅಥವಾ ಇದ್ದಿಲು ಉರಿಯುತ್ತಿತ್ತು ಎಂದು ವೈದ್ಯರಿಗೆ ಮರೆಯದೆ ತಿಳಿಸಬೇಕು. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುತ್ತಿದ್ದ ಸಾಧನ ನಿಮಗೆ ನೆನಪಿರಬಹುದು. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವೂ ಕೆಂಪಗೇ ಇರುವುದರಿಂದ ಆ ಸಾಧನ ಮೋಸಹೋಗಿ ಎಲ್ಲ ಸರಿಯಿದೆ ಎಂದು ತೋರಿಸಬಹುದು. ವಿಷಯ ತಿಳಿದರೆ ವೈದ್ಯರು ಶುದ್ಧ ಆಮ್ಲಜನಕ ಕೊಡುತ್ತಾರೆ. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು 4-5 ಗಂಟೆ ಬೇಕಾದರೆ, ಶುದ್ಧ ಆಮ್ಲಜನಕದಲ್ಲಿ ಒಂದು, ಒಂದೂವರೆ ಗಂಟೆ ಸಾಕು.