ಅಂಜುದೀವದಿಂದ ಹಾರಿದ ಗುಂಡು

ಕಾರವಾರದಿಂದ ದಕ್ಷಿಣಕ್ಕೆ ಹೊರಟು ಬಿಣಗಾದ ಕಡಲದಂಡೆಯಲ್ಲಿ ನಿಂತರೆ ಅಂಜುದೀವ ಕಣ್ಣೆದುರೇ ಕಾಣುತ್ತದೆ. ಪುಟ್ಟ ದ್ವೀಪ. 1961ರ ಡಿಸೆಂಬರ್‌ವರೆಗೂ ಅಲ್ಲಿ ಹಾರುತ್ತಿದ್ದದ್ದು ಪೋರ್ಚುಗಲ್ ಬಾವುಟ. ದೇಶ ಸ್ವತಂತ್ರವಾಗಿ ಹದಿನಾಲ್ಕು ವರ್ಷವಾದರೂ ನಮ್ಮ ಮೀನುಗಾರರು ಪರರ ಕೋವಿಯ ಎದುರಲ್ಲೇ ಬಲೆ ಬೀಸಬೇಕಿತ್ತು.

ಅಂಜುದೀವವೂ ಸೇರಿದ್ದ ಪೋರ್ಚುಗೀಸ್ ಗೋವಾವನ್ನು ಸೈನ್ಯ ಕಳಿಸಿ ಬಿಡಿಸಿಕೊಳ್ಳುವ ಬಲ ದಿಲ್ಲಿಗೆ ಇರಲಿಲ್ಲವೆಂದಲ್ಲ. ಬೇಡವೆಂದವರು ನೆಹರೂ. 1950ರ ಫೆಬ್ರುವರಿಯಲ್ಲಿ ಭಾರತ ಮಾತುಕತೆಗೆ ಕರೆಯಿತು, ಲಿಸ್ಬನ್ ಒಪ್ಪಲಿಲ್ಲ. ಮರುವರ್ಷ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್ ಸರ್ಕಾರ ಸಂವಿಧಾನವನ್ನೇ ತಿದ್ದಿ ವಸಾಹತುಗಳನ್ನು ‘ಸಾಗರೋತ್ತರ ಪ್ರಾಂತ್ಯ’ಗಳೆಂದು ಕರೆಯಿತು. ಗೋವಾ ಪೋರ್ಚುಗಲ್‌ನ ಅಂಗವೇ ಎಂದಮೇಲೆ ಬಿಟ್ಟುಕೊಡುವ ಮಾತೆಲ್ಲಿ? 1953ರಲ್ಲಿ ಭಾರತ ಲಿಸ್ಬನ್ನಿನ ತನ್ನ ಕಚೇರಿಗೆ ಬೀಗ ಹಾಕಿತು.

1955ರ ಆಗಸ್ಟ್ 15ರಂದು ಬರಿಗೈಯ ಸತ್ಯಾಗ್ರಹಿಗಳು ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ದೇಶ ಕುದಿಯಿತು. ಸರ್ಕಾರ ಆಗಲೂ ಸೇನೆ ಕಳಿಸಲಿಲ್ಲ. ಗೋವಾದ ರೈಲು ನಿಲ್ಲಿಸಿತು, ವ್ಯಾಪಾರ ಕಡಿದುಹಾಕಿತು, ಸತ್ಯಾಗ್ರಹಿಗಳನ್ನೂ ಗಡಿಯಲ್ಲೇ ತಡೆಯಿತು. ಜಗತ್ತಿಗೆ ಶಾಂತಿ ಹೇಳುವ ದೇಶ ತಾನೇ ಕೋವಿ ಎತ್ತಬಾರದೆಂಬ ನಿಲುವು ದೊಡ್ಡದು, ಒಪ್ಪುತ್ತೇನೆ. ಅದರ ಬೆಲೆ ತೆತ್ತವರು ಮಾತ್ರ ದಿಲ್ಲಿಯಲ್ಲಿರಲಿಲ್ಲ, ಗೋವಾದ ಅಗ್ವಾದ ಕೋಟೆಯ ಸೆರೆಯಲ್ಲಿದ್ದರು.

ನಿಲುವು ಸಡಿಲಗೊಂಡದ್ದು 1961ರಲ್ಲಿ. ಪೋರ್ಚುಗಲ್‌ ವಿರುದ್ಧ ಅಂಗೋಲಾ ಸಿಡಿದೆದ್ದಿತ್ತು. ಆಫ್ರಿಕಾದ ನಾಯಕರು ದಿಲ್ಲಿಗೇ ಬಂದು, ಇನ್ನೂ ಏಕೆ ಕಾಯುತ್ತೀರಿ ಎಂದು ಕೇಳುತ್ತಿದ್ದರು. ಅಷ್ಟರಲ್ಲಿ, ನವೆಂಬರ್ 17ರಂದು, ಅಂಜುದೀವದ ಬಳಿ ಹಾದುಹೋಗುತ್ತಿದ್ದ ‘ಸಾಬರಮತಿ’ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಅಲ್ಲಿಂದಲೇ ಬಂದ ಗುಂಡಿಗೆ ಒಬ್ಬ ಮೀನುಗಾರ ಬಲಿಯಾದ. ಮನೆಗೆ ಮೀನು ತರಲು ಹೋದವನ ಸಾವು, ಹದಿನಾಲ್ಕು ವರ್ಷದ ಪತ್ರ ವ್ಯವಹಾರ ಮಾಡದ್ದನ್ನು ಮಾಡಿತು.

ಡಿಸೆಂಬರ್ 18ರ ಬೆಳಗ್ಗೆ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ ಪಡೆ ಗೋವಾ ಹೊಕ್ಕಿತು. ಅಂಜುದೀವದ ಪಾಲಿಗೆ ಬಂದದ್ದು ‘ಮೈಸೂರು’ ಮತ್ತು ‘ತ್ರಿಶೂಲ್’ ಯುದ್ಧನೌಕೆಗಳು. ನಾವಿಕರ ಮೊದಲ ತಂಡ ದಡ ಮುಟ್ಟಿತು. ಎರಡನೆಯದು ದೋಣಿಯಲ್ಲಿದ್ದಾಗಲೇ ಗುಂಡಿನ ಮಳೆ ಸುರಿಯಿತು. ಏಳು ನಾವಿಕರು ಮಡಿದರು. ಮರುದಿನ ರಾತ್ರಿ ಗೋವಾದ ಪೋರ್ಚುಗೀಸ್ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾ ಶರಣಾಗತಿಗೆ ಸಹಿ ಹಾಕಿದರು. ಕೊನೆಯವರೆಗೂ ಹೋರಾಡಿ ಸಾಯಿರೆಂಬ ಸಲಜಾರ್ ಆಜ್ಞೆಯನ್ನು ಅವರು ಪಾಲಿಸಲಿಲ್ಲ. ಸಾವಿರಾರು ಜೀವ ಉಳಿಸಿದ ಆ ಅವಿಧೇಯತೆಗೆ ನಾವೂ ಋಣಿಗಳು.

ಭದ್ರತಾ ಮಂಡಳಿಯಲ್ಲಿ ಅಮೆರಿಕ ಭಾರತವನ್ನು ಖಂಡಿಸಿತು, ಸೋವಿಯತ್ ವಿಟೊ ನಮ್ಮನ್ನು ಕಾಯಿತು. ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಲು 1974 ಬರಬೇಕಾಯಿತು. ಅದಕ್ಕೂ ಮೊದಲಿನ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. 1955ರಲ್ಲಿ ಸೆರೆಸಿಕ್ಕ ಗೋವಾ ಹೋರಾಟಗಾರ ಮೋಹನ ರಾನಡೆ ಪೋರ್ಚುಗಲ್ಲಿನ ಜೈಲಿನಿಂದ ಹೊರಬಂದದ್ದು 1969ರ ಜನವರಿಯಲ್ಲಿ. ಗೋವಾ ಬಿಡುಗಡೆಯಾಗಿ ಆಗಲೇ ಏಳು ವರ್ಷ ಕಳೆದಿತ್ತು.