ಅಪರೂಪದ ಕರೆಗೆ ಯಾವ ಪ್ಲಾನು?

ಜಯನಗರ, ಬನಶಂಕರಿ ಮೊದಲಾದ ಬೆಂಗಳೂರಿನ ದಕ್ಷಿಣ ಬಡಾವಣೆಗಳ ನಿವೃತ್ತ ಗೃಹಸ್ಥರ ಮನೆಗಳಲ್ಲಿ ಮೊಬೈಲ್ ಫೋನಿಗಿರುವ ಕೆಲಸವೆಷ್ಟೆಂಬುದು ನಮ್ಮ ವಾಚಕರಿಗೆ ವಿದಿತವೇ ಇದೆ. ಮಕ್ಕಳು ಪರದೇಶದಲ್ಲಿರುವರು, ಅವರೊಡನೆ ಮಾತು ಮನೆಯ ವೈಫೈ ಮೂಲಕ ವಾಟ್ಸಾಪಿನಲ್ಲಿ ನಡೆದುಹೋಗುತ್ತದೆ. ಉಳಿದುದು ವಾರಕ್ಕೆ ನಾಲ್ಕಾರು ಕರೆ. ಇಷ್ಟು ಅಲ್ಪ ಬಳಕೆಗೆ ಯಾವ ಪ್ರೀಪೇಯ್ಡ್ ಪ್ಲಾನು ಯುಕ್ತವೆಂಬ ಪ್ರಶ್ನೆಯನ್ನು ಕ್ಷುಲ್ಲಕವೆನ್ನುವವರಿರಬಹುದು. ಈಚೆಗೆ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ ಜಯನಗರದ ವೃದ್ಧ ಮಹನೀಯರೊಬ್ಬರ ಅನುಭವವನ್ನು ಕೇಳಿದ ಮೇಲೆ ನಾವು ಹಾಗೆನ್ನಲಾರೆವು.

ಇವರು ಮಗಳ ಮನೆಯಲ್ಲಿ ಆರೇಳು ತಿಂಗಳಿದ್ದು ಹಿಂದಿರುಗುವ ವೇಳೆಗೆ ಇವರ ಸಂಖ್ಯೆ ರದ್ದಾಗಿ, ಅನ್ಯರೊಬ್ಬರ ಪಾಲಾಗಿದ್ದಿತು. ಬ್ಯಾಂಕಿನ ಖಾತೆಗೂ ಆಧಾರಿಗೂ ನಿವೃತ್ತಿ ವೇತನಕ್ಕೂ ಅಡಿಗೆಯ ಅನಿಲಕ್ಕೂ ಅದೊಂದೇ ಸಂಖ್ಯೆ. “ದುಡ್ಡು ಬ್ಯಾಂಕಿನಲ್ಲಿದೆ ಸ್ವಾಮಿ, ಬೀಗದಕೈ ಯಾರ ಕೈಯಲ್ಲಿದೆಯೋ ತಿಳಿಯದು” ಎಂದರು. ಒಟಿಪಿಯೆಂಬ ಗುಪ್ತಸಂಖ್ಯೆ ಬರುವುದು ಆ ಹಳೆಯ ನಂಬರಿಗೇ ಅಲ್ಲವೇ? ರದ್ದಾದ ಸಂಖ್ಯೆಯನ್ನು ೯೦ ದಿನಗಳವರೆಗೆ ಬೇರೊಬ್ಬರಿಗೆ ಕೊಡುವುದಿಲ್ಲವೆಂಬುದು ೨೦೨೩ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸ್ಪಷ್ಟಪಟ್ಟಿತು. ಆ ಬಳಿಕ ಕೊಡಬಹುದೆಂಬುದೇ ಅದರ ತಾತ್ಪರ್ಯ. ನಮ್ಮ ಮಹನೀಯರು ಒಂದು ತಿಂಗಳ ಕಾಲ ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆದರು.

ಮೊದಲು ಹೀಗಿರಲಿಲ್ಲ. ೨೦೦೩ರಿಂದ ಒಳಕರೆ ಉಚಿತವಾಯಿತು. ೨೦೦೫ರ ಕೊನೆಯಲ್ಲಿ, ಸಾವಿರ ರೂಪಾಯಿಗೆ ಒಂದು ಕಡಮೆಯಾಗಿ, ‘ಆಜೀವ’ ಪ್ಲಾನುಗಳೂ ಬಂದುವು. ಯಾರ ಜೀವವೆಂಬುದನ್ನು ಆಗ ಕೊಂಡವರು ಕೇಳಿರಲಿಲ್ಲ. ೨೦೧೮ರ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾ ಕಂಪೆನಿಗಳವರು ೨೮ ದಿನಕ್ಕೆ ೩೫ ರೂಪಾಯಿಯ ಕನಿಷ್ಠ ರೀಚಾರ್ಜನ್ನು ಗೊತ್ತುಮಾಡಿದರು. ಏರ್‌ಟೆಲ್ಲಿನಲ್ಲಿ ಇದೇ ೨೮ ದಿನದ ಕನಿಷ್ಠ ದರ ೨೦೨೪ರ ಜುಲೈಯಲ್ಲಿ ೧೯೯ ರೂಪಾಯಿಗೆ ಮುಟ್ಟಿತು. ವರ್ಷಕ್ಕೆ ತಿಂಗಳು ಹನ್ನೆರಡಾದರೂ ೨೮ ದಿನದ ಲೆಕ್ಕದಲ್ಲಿ ಹದಿಮೂರು ರೀಚಾರ್ಜು. ಒಟ್ಟು ೨,೫೮೭ ರೂಪಾಯಿ. ಜೊತೆಗೆ ಬೇಡದ ಡೇಟಾವನ್ನೂ ಕೊಳ್ಳಬೇಕು.

ಆದಕಾರಣ ಅಲ್ಪ ಬಳಕೆಯವರು ಕರೆಯ ದರವನ್ನು ನೋಡಿ ಫಲವಿಲ್ಲ. ಅವರು ಕೊಳ್ಳುವುದು ದಿನಗಳನ್ನು. ಪ್ಲಾನಿನ ಬೆಲೆಯನ್ನು ದಿನಗಳಿಂದ ಭಾಗಿಸಿಯೇ ಆರಿಸತಕ್ಕದ್ದು. ಮಾತಿಗೂ ಸಂದೇಶಕ್ಕೂ ಮಾತ್ರವಾದ, ಡೇಟಾವಿಲ್ಲದ ವೋಚರೊಂದನ್ನಾದರೂ ಪ್ರತಿಯೊಂದು ಕಂಪೆನಿಯೂ ಇಟ್ಟಿರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ೨೦೨೪ರ ಡಿಸೆಂಬರಿನಲ್ಲಿ ವಿಧಿಸಿತು; ಇಂಥ ವೋಚರಿನ ಗರಿಷ್ಠ ಅವಧಿಯನ್ನು ೯೦ ದಿನದಿಂದ ೩೬೫ಕ್ಕೆ ಏರಿಸಿತು. ಅದರಂತೆ ೨೦೨೫ರ ಜನವರಿಯಲ್ಲಿ ಏರ್‌ಟೆಲ್ಲಿನವರು ೩೬೫ ದಿನಕ್ಕೆ ೧,೮೪೯ ರೂಪಾಯಿ, ಜಿಯೋದವರು ೩೩೬ ದಿನಕ್ಕೆ ೧,೭೪೮ ರೂಪಾಯಿ ಎಂದು ನಿಗದಿಪಡಿಸಿದರು. ದಿನಕ್ಕೆ ಐದು ರೂಪಾಯಿ ಚಿಲ್ಲರೆ ಬೀಳುತ್ತದೆ. ೧೯೯ರ ಲೆಕ್ಕದಲ್ಲಾದರೋ ಏಳು ರೂಪಾಯಿ ಮೀರುತ್ತದೆ. ದರಗಳು ಬದಲಾಗುತ್ತಲೇ ಇರುವುದರಿಂದ ಕೊಳ್ಳುವ ದಿನದ ಪಟ್ಟಿಯನ್ನು ನೋಡಿ ಭಾಗಾಕಾರ ಮಾಡುವುದು ಮೇಲು. ತರಕಾರಿ ಅಂಗಡಿಯಲ್ಲಿಯೂ ಫೋನಿನಿಂದಲೇ ಹಣ ತೆರುವವರಿಗೆ ಮಾತ್ರ ಹೊರಗೆ ಡೇಟಾ ಬೇಕು. ಅಂಥವರಿಗೆ ಈ ಪ್ಲಾನು ಒಗ್ಗದು.

ಇಲ್ಲಿ ನಮ್ಮದೊಂದು ಆಕ್ಷೇಪವಿದೆ. ಜೆ.ಪಿ. ನಗರದ ವಠಾರವನ್ನು ರಾತ್ರಿ ಕಾಯುವವನೂ, ಬಿ.ಟಿ.ಎಂ. ಬಡಾವಣೆಯಲ್ಲಿ ಮನೆಗೆಲಸ ಮಾಡುವಾಕೆಯೂ ಅಪರೂಪಕ್ಕೆ ಕರೆ ಮಾಡುವವರೇ. ಅವರು ಒಂದೇ ಸಲಕ್ಕೆ ೧,೮೪೯ ರೂಪಾಯಿಯನ್ನು ಎಲ್ಲಿಂದ ತಂದಾರು? ಮೇಲಿನ ಎರಡು ಕಂಪೆನಿಗಳೂ ಆಗ ಪ್ರಕಟಿಸಿದ ಮಾತಿನ ಪ್ಲಾನುಗಳಲ್ಲಿ ೮೪ ದಿನಕ್ಕಿಂತ ಕಿರಿದಾದುದಿರಲಿಲ್ಲ. ಹೀಗಾಗಿ ಉಳ್ಳವರಿಗೆ ದಿನಕ್ಕೆ ಐದು ರೂಪಾಯಿ, ಇಲ್ಲದವರಿಗೆ ಏಳು! ಮೂವತ್ತು ದಿನದ ಮಾತಿನ ಪ್ಲಾನೊಂದನ್ನೂ ಕಡ್ಡಾಯ ಮಾಡಿದ್ದರೆ ಪ್ರಾಧಿಕಾರದವರ ಉಪಕಾರ ಪೂರ್ಣವಾಗುತ್ತಿದ್ದಿತು.

ಇಪ್ಪತ್ತು ರೂಪಾಯಿಯಿದ್ದರೆ ಸಾಕು, ಸಿಮ್ ಉಳಿಯುತ್ತದೆಂಬ ಮಾತನ್ನು ಹೊಸ ಕಾನೂನೆಂಬಂತೆ ಅನೇಕರು ನಮಗೆ ಹೇಳಿದ್ದಾರೆ. ಇದು ೨೦೧೩ರ ನಿಯಮ: ೯೦ ದಿನ ಬಳಸದೆ ಬಿಟ್ಟ ಪ್ರೀಪೇಯ್ಡ್ ಸಂಖ್ಯೆಯನ್ನು, ಖಾತೆಯಲ್ಲಿ ೨೦ ರೂಪಾಯಿ ಉಳಿದಿದ್ದರೆ ರದ್ದುಮಾಡಕೂಡದು. ಆದರೆ ಸಂಖ್ಯೆ ಉಳಿಯುವುದು ಬೇರೆ, ಗಂಟೆ ಬಾರಿಸುವುದು ಬೇರೆ. ಪ್ಲಾನಿನ ಅವಧಿ ಮುಗಿದರೆ ಹೊರಕರೆ ಕೂಡಲೇ ನಿಲ್ಲುತ್ತದೆ, ಕೆಲವು ದಿನಗಳಲ್ಲಿ ಒಳಕರೆಯೂ ನಿಲ್ಲಬಹುದು. ಒಟಿಪಿಯನ್ನು ಕಾದಿರುವವರು ಇದನ್ನೇ ನಂಬಿ ಕೂರಬಾರದು.

ಸರ್ಕಾರೀ ಬಿಎಸ್‌ಎನ್‌ಎಲ್ ಸಂಸ್ಥೆಯ ಸ್ವದೇಶೀ ೪ಜಿ ಜಾಲಕ್ಕೆ ೨೦೨೫ರ ಸೆಪ್ಟೆಂಬರ್ ೨೭ರಂದು ಚಾಲನೆ ದೊರೆಯಿತು. ಅಲ್ಲಿಗೆ ಹೋಗಬಯಸುವವರು ಮೊದಲು ನೆರೆಯವರ ಬಿಎಸ್‌ಎನ್‌ಎಲ್ ಫೋನನ್ನು ತಮ್ಮ ಮನೆಯ ನಡುಕೋಣೆಗೆ ತಂದು ಸಿಗ್ನಲ್ ಪರೀಕ್ಷಿಸಲಿ. ಅಭಿಮಾನದಿಂದ ಕರೆ ಕೇಳಿಸದು. ಸಂಖ್ಯೆಯನ್ನು ಬದಲಿಸದೆ ಕಂಪೆನಿಯನ್ನು ಬದಲಿಸುವ ಸೌಕರ್ಯ ದೇಶಾದ್ಯಂತ ೨೦೧೧ರಿಂದಲೂ ಇದೆ; ೧೯೦೦ಕ್ಕೆ ಸಂದೇಶ ಕಳುಹಿಸಿ ಕೋಡ್ ಪಡೆಯಬೇಕು. ಪ್ಲಾನಿನ ಅವಧಿಯಿರುವಾಗಲೇ ಆ ಕೆಲಸ ಮುಗಿಸುವುದು ಕ್ಷೇಮ.

ನಮ್ಮ ವೃದ್ಧ ಮಹನೀಯರು ಹೊಸ ಸಂಖ್ಯೆಗೆ ವರ್ಷದ ಪ್ಲಾನನ್ನೇ ಹಾಕಿಸಿದ್ದಾರೆ. ಅದು ಮುಗಿಯುವ ದಿನ ಮುಂದಿನ ಸಂವತ್ಸರಕ್ಕೆ ಬೀಳುವುದರಿಂದ, ಆ ಪಂಚಾಂಗವಿನ್ನೂ ಅಚ್ಚಾಗದಿರಲಾಗಿ, ತಾರೀಖನ್ನು ಪಾಸ್ ಪುಸ್ತಕದ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿರುವರು.